ಮುಂದಿನ ಚಕ್ರದಡಿಯ ನಿಂಬೆಹಣ್ಣು

ನಿಂಬೆಹಣ್ಣು ಒಡೆಯುವಾಗ ಸದ್ದಾಗುತ್ತದೆಯೇ?

ಆಗುತ್ತದೆ. ತೀರಾ ಸಣ್ಣ ಸದ್ದು. ಪಕ್ಕದ ಕೋಣೆಯಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಆ ಶುಕ್ರವಾರ ಗ್ಯಾರೇಜಿನ ಗದ್ದಲದಲ್ಲಿ ಅದು ನನಗೆ ಕೇಳಿಸಿರಲು ಸಾಧ್ಯವೇ ಇಲ್ಲ. ಆದರೂ ಈಗ ದಿನಾ ಕೇಳಿಸುತ್ತಿದೆ. ಲಿಫ್ಟಿನಲ್ಲಿ, ಸ್ನಾನದ ಮನೆಯಲ್ಲಿ, ಪಕ್ಕದ ಮನೆಯ ಮಿಕ್ಸಿ ನಿಂತ ಮೇಲಿನ ಆ ಒಂದು ಕ್ಷಣದಲ್ಲಿ.

ಕಳೆದ ವಾರ ಈ ಅಂಕಣದಲ್ಲಿ ನೀರಿನ ಟ್ಯಾಂಕರ್ ಬಗ್ಗೆ ಬರೆದಿದ್ದೆ. (ಮತ್ತೆ ಟ್ಯಾಂಕರ್ ಪುರಾಣವೇ ಎಂದು ಕೆಲವರು ಕೇಳಿದಿರಿ.) ಇದನ್ನು ಬರೆಯಬಾರದು ಎಂದೇ ಅದನ್ನು ಬರೆದದ್ದು. ಈಗ ಬರೆಯಲೇಬೇಕಾಗಿದೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಎದುರುಮನೆಯವರು ಬಸವರಾಜ್ ಮತ್ತು ಶಿವಲೀಲಾ. ಗಂಡ ಹೆಂಡತಿ, ಇಬ್ಬರೂ ಕಲಬುರಗಿ ಕಡೆಯವರು. ಆತ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನ ಒಂದು ಆಫೀಸಿನಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ಮನುಷ್ಯ. ಆಕೆ ಶಾಲೆಯಲ್ಲಿ ಗಣಿತದ ಟೀಚರ್. ಹೊರಗೆ ತೆಲುಗು, ಹಿಂದಿ. ಬಾಗಿಲು ಹಾಕಿಕೊಂಡರೆ ಕನ್ನಡ. ನನ್ನ ಮೈಸೂರು ಮಾತು ಶಿವಲೀಲಾಗೆ ಒಂದು ತಮಾಷೆ. "ಅಕ್ಕಾ, ನೀವು ಜಗಳಾ ಮಾಡಿದ್ರೂ ಅರ್ಧಾ ಲೀಟರ್ ಹಾಲು ಕೇಳಿದಂಗ ಕೇಳಸ್ತೈತಿ ನೋಡ್ರಿ" ಎನ್ನುತ್ತಾಳೆ.

ಬಸವರಾಜ್‌ಗೆ ಒಂದು ಪಿಕಪ್ ಟ್ರಕ್ ಇದೆ. ಹಿಂದುಗಡೆ ತೆರೆದ ತೊಟ್ಟಿ ಇರುವಂಥದ್ದು. ಅದರಲ್ಲಿ ಆತ ಈವರೆಗೆ ಸಾಗಿಸಿದ ಅತಿ ಭಾರದ ಸರಕು ಒಂದು ಚೀಲ ಜೋಳದ ಹಿಟ್ಟು. ಆದರೂ ಗಾಡಿ ಸಾಲದಾಯಿತು. ಅದನ್ನು ಎತ್ತರಿಸಬೇಕು ಅನ್ನಿಸಿತು. ಎತ್ತರಿಸಿದರು. ಎತ್ತರಕ್ಕೆ ತಕ್ಕ ಟೈರು ಬೇಕಲ್ಲ? ಹಾಕಿಸಿದರು. ಟೈರಿನ ಪಕ್ಕ ನಿಂತರೆ ಅದು ನನ್ನ ಸೊಂಟ ಮುಟ್ಟುತ್ತದೆ. (ಆರ್‌ಟಿಓ ಕಣ್ಣಿಗೆ ಬಿದ್ದರೆ ಏನು ಗತಿ ಎಂದು ನಾನೂ ಕೇಳಿದ್ದೆ. ಬಸವರಾಜ್ ಮುಗುಳ್ನಕ್ಕು ಹವಾಮಾನದ ಬಗ್ಗೆ ಮಾತಾಡಿದರು.)

ಅಲ್ಲಿಂದ ತೊಂದರೆ ಶುರು. ಅಷ್ಟು ದೊಡ್ಡ ಚಕ್ರ ತಿರುಗಿಸಲು ಎಂಜಿನ್ನಿಗೆ ಉಸಿರು ಸಾಲುತ್ತಿರಲಿಲ್ಲ. ಬೇಗಂಪೇಟೆಯ ಫ್ಲೈಓವರ್ ಹತ್ತುವಾಗ ಆಟೋಗಳು ಹಾರ್ನ್ ಹೊಡೆಯುತ್ತ ಮುಂದೆ ಹೋಗುತ್ತಿದ್ದವು. ಪರ್ವತದಂಥ ಗಾಡಿಯೊಳಗೆ ಕೂತು ಆಟೋದವನ ಕೈಲಿ ಅನ್ನಿಸಿಕೊಳ್ಳುವುದು ಯಾವ ಗಂಡಸಿಗೆ ಸಹ್ಯ?

ಇದಕ್ಕೆ ಮದ್ದು ಆಕ್ಸಲಿನೊಳಗಿದೆ. ಎರಡು ಚಕ್ರಗಳ ನಡುವಿನ ಅಡ್ಡ ಕಬ್ಬಿಣವೇ ಆಕ್ಸಲ್. ಅದರ ನಡುಮಧ್ಯದಲ್ಲಿ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಗೂಡು. ಗೂಡಿನೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ, ಒಂದು ಸಣ್ಣದು. ಇವುಗಳ ಹಲ್ಲಿನ ಲೆಕ್ಕ ಬದಲಿಸಿದರೆ, ಅಂದರೆ ಗೇರ್ ರೇಶಿಯೋ ಬದಲಿಸಿದರೆ, ಅದೇ ಎಂಜಿನ್ ದೊಡ್ಡ ಟೈರನ್ನು ಸಲೀಸಾಗಿ ತಿರುಗಿಸುತ್ತದೆ. ಸೈಕಲ್ಲಿನಲ್ಲಿ ಏರು ಬಂದಾಗ ಗೇರ್ ಬದಲಿಸುವುದಿಲ್ಲವೇ, ಹಾಗೆ. ಆದರೆ ಇದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಲ್ಲ ಗಾಡಿ. ಆದ್ದರಿಂದ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡರ ಲೆಕ್ಕವೂ ಒಂದೇ ಇರಬೇಕು. ಇಲ್ಲದಿದ್ದರೆ ಒಂದು ಬೇಗ, ಒಂದು ನಿಧಾನ, ನಡುವೆ ಎಳೆದಾಟ. (ಇಲ್ಲಿ ದಾಂಪತ್ಯದ ಬಗ್ಗೆ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ.)

ಶಿವಲೀಲಾ ನನ್ನನ್ನು ಗ್ಯಾರೇಜಿಗೆ ಕರೆದಾಗ ಖುಷಿಯಿಂದಲೇ ಹೊರಟೆ. ದೊಡ್ಡ ಚಕ್ರ, ಸಣ್ಣ ಗಂಡಸರು ಎಂದು ಒಂದು ನಗೆ ಅಂಕಣ ಮನಸ್ಸಿನಲ್ಲೇ ತಯಾರಾಗುತ್ತಿತ್ತು.

ಗ್ಯಾರೇಜ್ ಇರುವುದು ಮೆಹದಿಪಟ್ಟಣಂ ದಾಟಿ, ಉದ್ದದ ಫ್ಲೈಓವರಿನ ಕೆಳಗೆ. ಅಲ್ಲಿ ವಿಳಾಸ ಎಂದರೆ ಫ್ಲೈಓವರಿನ ಕಂಬದ ನಂಬರು. ಕಂಬದ ಪಕ್ಕದ ಗಲ್ಲಿ, ಗಲ್ಲಿಯ ಕೊನೆಗೆ ತಗಡಿನ ಶೆಡ್ಡು. ಮೆಕ್ಯಾನಿಕ್ ನರ್ಸಿಂಗ್ ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಮೂರು ಭಾಷೆ ಬೆರೆಸಿ, ಸಿನಿಮಾ ಹೀರೋ ಗತ್ತಿನಲ್ಲಿ ಮಾತಾಡುತ್ತಿದ್ದ. ಏನು ಕೇಳಿದರೂ ಕೊನೆಗೆ "ಏಂ ಗಾದು ಮೇಡಂ". ಏನೂ ಆಗುವುದಿಲ್ಲ ಎಂದರ್ಥ. ಅವನ ಬಾಯಲ್ಲಿ ಅದು ಪೂರ್ಣವಿರಾಮ.

ಮುಂದಿನ ಆಕ್ಸಲಿನ ಕೆಲಸ ಹಿಂದಿನ ದಿನವೇ ಆಗಿತ್ತು. ಈಗ ಹಿಂದಿನದೂ ಮುಗಿಯುತ್ತಾ ಬಂದಿತ್ತು. ಮುಂದಿನ ಎರಡು ಚಕ್ರ ನೆಲದ ಮೇಲೆ. ಹಿಂದುಗಡೆ ಮಾತ್ರ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಲಾಗಿತ್ತು. ಹಿಂದಿನ ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಚಕ್ರವಿಲ್ಲದ ಬೆನ್ನನ್ನು ಮೇಲೆತ್ತಿ, ಮೂತಿ ನೆಲಕ್ಕೆ ಬಾಗಿಸಿ ನಿಂತಿದ್ದ ಆ ಗಾಡಿ ಯಾಕೋ ಏನನ್ನೋ ಮೂಸಿ ನೋಡುತ್ತಿರುವ ಪ್ರಾಣಿಯ ಹಾಗೆ ಕಂಡಿತು. ತಗಡಿನ ತೂತುಗಳಿಂದ ಬಿಸಿಲು ಕಾಸಿನಗಲ ಕಾಸಿನಗಲವಾಗಿ ಅದರ ಮೈಮೇಲೆ ಬಿದ್ದಿತ್ತು.

"ಈಗs ಪೂಜಿ ಮಾಡಿಬಿಡೂಣು" ಎಂದಳು ಶಿವಲೀಲಾ. "ಇನ್ನೇನು ರಾಹುಕಾಲ ಹತ್ತತೈತಿ."

"ಗಾಡಿ ಇನ್ನಾ ಮ್ಯಾಲ ನಿಂತೈತಲ್ಲಾ" ಎಂದರು ಬಸವರಾಜ್.

"ನಿಂತ್ರ ಏನಾತು? ದೇವ್ರಿಗೆ ಬಗ್ಗಿ ನೋಡಾಕ ಬರಂಗಿಲ್ಲೇನು?"

"ಏಂ ಗಾದು ಸಾರ್. ಚೇಸೆಯ್ಯುಂಡ್ರಿ" ಎಂದ ನರ್ಸಿಂಗ್. ಮಾಡಿಬಿಡಿ ಎಂದು.

ಪೂಜೆಯಾಯಿತು. ಶಿವಲೀಲಾ ಸೀಟು ಹತ್ತಿ ಕೂತು, ನೀರಿನಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಗಾಡಿಯಲ್ಲಿ ಕೈಯಿಂದ ಹಿಡಿಯುವ ಪ್ರತಿಯೊಂದಕ್ಕೂ ಮೂರು ಗೆರೆ ಎಳೆದಳು. ಸ್ಟಿಯರಿಂಗಿಗೆ, ಗೇರಿಗೆ, ಬಾಗಿಲ ಹಿಡಿಗೆ, ಸಿಕ್ಕಿದ ಗುಂಡಿಗಳಿಗೆಲ್ಲ. ಅವರ ಮನೆಯಲ್ಲಿ ಹಾಗೆ ವಾಡಿಕೆಯಂತೆ. ರೊಟ್ಟಿ ಹಂಚಿಗೂ ಹಚ್ಚುತ್ತಾರೆ, ಹೊಲಿಗೆ ಯಂತ್ರಕ್ಕೂ ಹಚ್ಚುತ್ತಾರೆ. ಸ್ಟಿಯರಿಂಗಿನ ಹಿಂದಿನ ಮೀಟರುಗಳ ಮೇಲೆ ಅಡ್ಡಲಾಗಿ ಚೆಂಡುಹೂವಿನ ಮಾಲೆ ಹಾಕಿದಳು.

ಆಮೇಲೆ ನಿಂಬೆಹಣ್ಣು. ನಾಲ್ಕು ತಂದಿದ್ದಳು. ನೆಲದ ಮೇಲಿದ್ದ ಚಕ್ರ ಎರಡೇ. ಮುಂದಿನ ಚಕ್ರಗಳು ಉರುಳದಿರಲೆಂದು ನರ್ಸಿಂಗ್ ಮರದ ತುಂಡುಗಳನ್ನು ಒತ್ತಿಟ್ಟಿದ್ದ. ಹಣ್ಣಿಗೆ ಜಾಗ ಮಾಡಲು ಅವುಗಳನ್ನು ಕಾಲಿಂದ ಪಕ್ಕಕ್ಕೆ ಒದ್ದ. ಶಿವಲೀಲಾ ಎರಡು ಹಣ್ಣನ್ನು ಟೈರಿಗೆ ತಾಗಿಸಿ ಮುಂದೆ ಇಟ್ಟಳು. ಉಳಿದ ಎರಡು ತಟ್ಟೆಯಲ್ಲೇ ಉಳಿದವು.

ಮರದ ತುಂಡುಗಳೂ ಒದ್ದಲ್ಲೇ ಉಳಿದವು. ನಾವೆಲ್ಲ ನೋಡಿದೆವು. ಯಾರಿಗೂ ಕಾಣಲಿಲ್ಲ.

ನರ್ಸಿಂಗ್ ಸೀಟಿಗೇರಿದ. ಹೊಸ ಗೇರು ಕೂರಿಸಿದ ಮೇಲೆ ಚಕ್ರ ಹಾಕುವ ಮೊದಲು ಆಕ್ಸಲನ್ನು ಗಾಳಿಯಲ್ಲೇ ತಿರುಗಿಸಿ ಸದ್ದು ಕೇಳುವುದು ಅವನ ಪದ್ಧತಿ. ಹಲ್ಲು ಸರಿಯಾಗಿ ಕೂತಿದ್ದರೆ ಬರೀ ಗುಂಯ್ ಅನ್ನುತ್ತದೆ, ಇಲ್ಲದಿದ್ದರೆ ಊಳಿಡುತ್ತದೆ. ಮೀಟರಿನ ಮೇಲಿನ ಮಾಲೆ ಸರಿಸಲು ಬಸವರಾಜ್ ಕೈಚಾಚಿದರೆ, "ದೇವುನಿ ಪೂಲು ಸಾರ್, ತಿಯ್ಯೊದ್ದು" ಎಂದ. ದೇವರ ಹೂವು, ತೆಗೆಯಬೇಡಿ.

ಎಂಜಿನ್ ಶುರುವಾಯಿತು. ಹಿಂದಿನ ಆಕ್ಸಲಿನ ಎರಡು ತುದಿಗಳು ಗಾಳಿಯಲ್ಲಿ ಗರಗರ ತಿರುಗಿದವು. ಗಾಡಿ ಇದ್ದಲ್ಲೇ ಇತ್ತು. ಓಡುತ್ತಿದೆ, ಆದರೆ ಎಲ್ಲಿಗೂ ಹೋಗುತ್ತಿಲ್ಲ. ಸದ್ದು ಮಾತ್ರ ಚೆನ್ನಾಗಿತ್ತು. ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದಂತೆ. ನರ್ಸಿಂಗ್ ನಿಲ್ಲಿಸಿ ಹೆಬ್ಬೆರಳೆತ್ತಿದ.

ಅಲ್ಲಿಗೆ ಮುಗಿಯಬೇಕಿತ್ತು. ಬಸವರಾಜ್‌ಗೆ ಆ ಸದ್ದನ್ನು ಹತ್ತಿರದಿಂದ ರೆಕಾರ್ಡ್ ಮಾಡಬೇಕೆನಿಸಿತು. ಟ್ರಕ್ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಬೇಕಲ್ಲ! ಮೆಕ್ಯಾನಿಕ್‌ಗಳು ಗಾಡಿಯಡಿ ನುಸುಳಲು ಬಳಸುವ ಗಾಲಿಹಲಗೆಯ ಮೇಲೆ ಅಂಗಾತ ಮಲಗಿಬಿಟ್ಟರು.

"ಏನ್ರೀ, ಮನ್ಯಾಗ ಮಂಚದ ಕೆಳಗಿನ ಚಪ್ಲಿ ತಗಿಯಾಕೂ ನನ್ನs ಕರೀತೀರಿ. ಇಲ್ಲಿ ಎಲ್ಲಿ ತೂರಾಕತ್ತೀರಿ?"

"ನಮ್ಮ ಗಾಡಿ ಧ್ವನಿ ನಾ ಕೇಳಬ್ಯಾಡೇನು? ಎರಡs ಮಿನಿಟು ತಡಿ."

"ಸಾರ್, ಮೀರೆಂದುಕು..." ಎಂದು ನರ್ಸಿಂಗ್ ಅರ್ಧ ಮನಸ್ಸಿನಿಂದ ತಡೆದ. ನೀವ್ಯಾಕೆ ಎಂದು. ಆಮೇಲೆ ತಾನೇ ಉತ್ತರವನ್ನೂ ಕೊಟ್ಟುಕೊಂಡ. "ಸರೇ, ಏಂ ಗಾದು."

ಬಸವರಾಜ್ ಗಾಡಿಯ ಹಿಂದಿನಿಂದ ಒಳಗೆ ಜಾರಿದರು. ಹೊರಗೆ ಮೊಣಕಾಲಿನಿಂದ ಕೆಳಗಷ್ಟೇ ಕಾಣುತ್ತಿತ್ತು. ಎದೆಯ ನೇರ ಮೇಲೆ ಆ ಕುಂಬಳಕಾಯಿ ಗಾತ್ರದ ಗೂಡು.

ನರ್ಸಿಂಗ್ ಗೇರಿಗೆ ಹಾಕಿದ. ಟಕ್ ಎಂದಿತು.

ಮೊದಲ ಸಲ ಈ ಟಕ್ ಇರಲಿಲ್ಲ. ಹೊಸ ಹಲ್ಲು, ಒಂದಿಷ್ಟು ಸದ್ದು ಇದ್ದದ್ದೇ ಅಂದುಕೊಂಡೆ. ನಾನು ಗಾಡಿಯ ಮುಂದಿನ ಮೂಲೆಯಲ್ಲಿ ನಿಂತು ನಿಂಬೆಹಣ್ಣನ್ನೇ ನೋಡುತ್ತಿದ್ದೆ. ಭಕ್ತಿಯಿಂದಲ್ಲ. ಅದರ ಮೇಲೊಂದು ತಮಾಷೆಯ ಸಾಲು ಹುಡುಕುತ್ತಿದ್ದೆ. ಇಷ್ಟು ಖರ್ಚು ಮಾಡಿ ಸಾಕಿದ ರಾಕ್ಷಸನಿಗೆ ಇಷ್ಟು ಸಣ್ಣ ಬಲಿಯೇ, ಅಂತೇನೋ.

ಹಣ್ಣು ಅಗಲವಾಯಿತು.

ಮೊದಲು ಕಣ್ಣಿನ ಭ್ರಮೆ ಎಂದುಕೊಂಡೆ. ನಿಂತ ಚಕ್ರದ ಮುಂದಿನ ಹಣ್ಣು ಅಗಲವಾಗುವುದು ಹೇಗೆ? ಗಾಡಿ ಇದ್ದಲ್ಲೇ ಇದೆ. ತಿರುಗಬೇಕಾದದ್ದು ಹಿಂದುಗಡೆ ಮಾತ್ರ. ಮುಂದಿನ ಟೈರು ನೆಲ ಕಚ್ಚಿ ನಿಂತಿದೆ. ಹಣ್ಣು ಮತ್ತಷ್ಟು ಅಗಲವಾಯಿತು. ಸಿಪ್ಪೆ ಬಿರಿಯಿತು. ರಸ ಸಿಮೆಂಟಿನ ಮೇಲೆ ಸಣ್ಣ ನಾಲಿಗೆಯಂತೆ ಚಾಚಿಕೊಂಡಿತು.

ಟೈರು ತಿರುಗುತ್ತಿತ್ತು.

ಹಿಂದುಗಡೆಯ ಸ್ಟ್ಯಾಂಡುಗಳು ಇನ್ನೂ ಗಾಡಿಯನ್ನು ಹಿಡಿದಿದ್ದವು. ಇಡೀ ಗಾಡಿ ಉಸಿರು ಕಟ್ಟಿ ಮುಂದಕ್ಕೆ ವಾಲುತ್ತಿತ್ತು. ಅದೆಷ್ಟು ಹೊತ್ತು? ಒಂದು ಕ್ಷಣವಿರಬಹುದು. ನನ್ನೊಳಗೆ ಅದು ಇನ್ನೂ ಮುಗಿದಿಲ್ಲ.

"ನಿಂಬೆಹಣ್ಣು!" ಎಂದು ಕಿರುಚಿದೆ.

ನೋಡಿ, ಮನುಷ್ಯನ ನಾಲಿಗೆ ಎಂಥದು. ನಿಲ್ಲಿಸಿ ಅನ್ನಬಹುದಿತ್ತು. ಹೊರಗೆ ಬನ್ನಿ ಅನ್ನಬಹುದಿತ್ತು. ನರ್ಸಿಂಗ್‌ಗೆ ಕನ್ನಡ ಬಾರದು, ಅವನು ನಗುತ್ತ ನನ್ನ ಕಡೆ ನೋಡಿದ. ಬಸವರಾಜ್‌ಗೆ ಏನೂ ಕೇಳಿಸಿರಲಿಕ್ಕಿಲ್ಲ. ಶಿವಲೀಲಾ ಮಾತ್ರ ನಾನು ನೋಡುತ್ತಿದ್ದ ಕಡೆ ನೋಡಿದಳು. ಒಡೆದ ಹಣ್ಣನ್ನು ಕಂಡಳು. ಗಾಡಿಯ ಹಿಂದುಗಡೆಗೆ ಹಾರಿ, ಗಂಡನ ಎರಡೂ ಕಾಲು ಹಿಡಿದು, ಇಡೀ ಮೈಭಾರ ಹಾಕಿ ಎಳೆದಳು. ತಟ್ಟೆ ಕೆಳಗೆ ಬಿದ್ದು ಠಣಠಣ ಎಂದಿತು. ಗಾಲಿಹಲಗೆ ಬಸವರಾಜ್ ಸಮೇತ ಹೊರಗೆ ಸುಯ್ಯೆಂದು ಬಂತು.

"ಏ, ಏನ್ ಮಾಡಾಕತ್ತಿ? ರೆಕಾರ್ಡ್ ನಡದೈತಿ..."

ಸ್ಟ್ಯಾಂಡು ಮಗುಚಿತು. ಗಾಡಿಯ ಹಿಂಭಾಗ ನೆಲಕ್ಕೆ ಕುಸಿಯಿತು. ಆ ಗೂಡು ಸಿಮೆಂಟಿಗೆ ಬಡಿದ ಸದ್ದು ನನ್ನ ಕಾಲಿನಿಂದ ಹಲ್ಲಿಗೆ ಬಂತು. ಗಾಡಿ ಕೆರೆಯುತ್ತ ಒಂದು ಮಾರು ಮುಂದೆ ಬಂದು, ನರ್ಸಿಂಗ್ ಬ್ರೇಕ್ ಒತ್ತಿದ ಮೇಲೆ ನಿಂತಿತು. ನನಗೂ ಅದರ ಮೂತಿಗೂ ನಡುವೆ ಒಂದು ಅಂಗೈ ಜಾಗ.

ಮೇಲಿನ ಫ್ಲೈಓವರಿನಲ್ಲಿ ಗಾಡಿಗಳು ಓಡುತ್ತಲೇ ಇದ್ದಿರಬೇಕು. ಒಂದೂ ಕೇಳಿಸಲಿಲ್ಲ. ತಟ್ಟೆಯಿಂದ ಬಿದ್ದ ಒಂದು ನಿಂಬೆಹಣ್ಣು ಮಾತ್ರ ಇಳಿಜಾರಿನಲ್ಲಿ ನಿಧಾನವಾಗಿ ಉರುಳುತ್ತ, ಗಾಡಿಯಡಿ ಬಸವರಾಜ್ ಮಲಗಿದ್ದ ಕಡೆಗೆ ಹೋಗಿ, ಆ ಕಬ್ಬಿಣದ ಗೂಡಿಗೆ ತಾಗಿ ನಿಂತಿತು.

ಹೇಗಾಯಿತು? ನೆಲ ಮುಟ್ಟಿದ್ದ ಮುಂದಿನ ಚಕ್ರಗಳಿಗೆ ಶಕ್ತಿ ಹೋದದ್ದು ಹೇಗೆ? ಉತ್ತರ ಗೇರಿನ ಪಕ್ಕದಲ್ಲೇ ಇತ್ತು. ಅಲ್ಲೊಂದು ಬಾಟಲಿಯ ಮುಚ್ಚಳದಷ್ಟಗಲದ, ತಿರುಗಿಸುವ ಗುಂಡಿ. ಅದನ್ನು ಎರಡಕ್ಕೆ ತಿರುಗಿಸಿದರೆ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ, ನಾಲ್ಕಕ್ಕೆ ತಿರುಗಿಸಿದರೆ ನಾಲ್ಕಕ್ಕೂ. ಗುಂಡಿ ನಾಲ್ಕರಲ್ಲಿತ್ತು. ತಿರುಗಿಸಿದ ಕೂಡಲೇ ಅದು ಕೆಲಸ ಮಾಡಬೇಕೆಂದಿಲ್ಲ. ಒಳಗಿನ ಹಲ್ಲಿಗೆ ಹಲ್ಲು ಹೊಂದುವವರೆಗೆ ಕಾಯುತ್ತದೆ. ಮೊದಲ ಸಲ ಹೊಂದಿರಲಿಲ್ಲ. ಎರಡನೇ ಸಲ ಹೊಂದಿತು. ಅದೇ ಆ ಟಕ್. ಕಾಯುತ್ತಿರುವಾಗ ಮೀಟರಿನಲ್ಲಿ ಒಂದು ಹಸಿರು ದೀಪ ಮಿಣುಕುತ್ತದಂತೆ. ಮಿಣುಕಿರಬೇಕು. ಚೆಂಡುಹೂವಿನ ಹಿಂದೆ.

ಗುಂಡಿ ತಿರುಗಿಸಿದ್ದು ಯಾರು? "ನೇನು ಮುಟ್ಟಲೇದು ಸಾರ್, ಮಾ ಅಮ್ಮ ಮೀದ ಒಟ್ಟು" ಎಂದ ನರ್ಸಿಂಗ್. ತಾಯಿಯ ಮೇಲೆ ಆಣೆ, ತಾನು ಮುಟ್ಟಿಲ್ಲ. ಅವನ ಗತ್ತೆಲ್ಲ ಇಳಿದು ತುಟಿ ಬಿಳಿಚಿತ್ತು. ಬಸವರಾಜ್ ನಂಬಲಿಲ್ಲ. ಮರದ ತುಂಡು ಮರೆತವನು ಇದನ್ನೂ ಮಾಡಿರುತ್ತಾನೆ ಎಂಬುದು ಅವರ ವಾದ. ಗೆಳೆಯರ ಗುಂಪಿಗೆ ಹಾಗೆಂದೇ ಬರೆದರು. ಆ ಗ್ಯಾರೇಜಿಗೆ ಈಗ ಯಾರೂ ಹೋಗುತ್ತಿಲ್ಲವಂತೆ. ಇನ್ನೊಂದು ಕಡೆ, ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಾರೆ. "ನನ್ನ ಹೇಣ್ತಿ ಇಟ್ಟ ನಿಂಬಿಹಣ್ಣು ನನ್ನ ಉಳಸ್ತು ನೋಡ್ರಿ."

ಶಿವಲೀಲಾ ಆಗೆಲ್ಲ ಅಲ್ಲಿಂದ ಸರಿದುಬಿಡುತ್ತಿದ್ದಳು. ಭಯ ಇನ್ನೂ ಇಳಿದಿಲ್ಲ ಅಂದುಕೊಂಡಿದ್ದೆ.

ಗಾಡಿ ಬೇರೆ ಕಡೆ ರಿಪೇರಿಯಾಗಿ ಮನೆಗೆ ಬಂದಿದೆ. ನಮ್ಮ ಬೇಸ್‌ಮೆಂಟಿನಲ್ಲಿ, ನನ್ನ ಸ್ಕೂಟರಿನ ಪಕ್ಕದಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಸ್ಕೂಟರ್ ತೆಗೆಯುವ ಮೊದಲು ಅದರ ಮುಂದಿನ ಟೈರು ನೋಡುತ್ತೇನೆ. ನಿನ್ನೆ ಇದ್ದಲ್ಲೇ ಇದೆಯೇ? ಇರುತ್ತದೆ. ಆದರೂ ಅದರ ಮುಂದೆ ಹಾಯಲು ಕಾಲು ಬರುವುದಿಲ್ಲ. ಸುತ್ತಿ ಬರುತ್ತೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಶಿವಲೀಲಾ ಬಾಗಿಲು ಬಡಿದಳು. "ಅಕ್ಕಾ, ಕೆಳಗ ಬರ್ರಿ. ಒಂದು ತೋರಸ್ತೀನಿ."

ಬೇಸ್‌ಮೆಂಟಿನಲ್ಲಿ ಯಾರೂ ಇರಲಿಲ್ಲ. ಟ್ಯೂಬ್‌ಲೈಟೊಂದು ಗುಂಯ್ ಎನ್ನುತ್ತಿತ್ತು, ಥೇಟ್ ಅದೇ ಸ್ವರ. ಗಾಡಿಯ ಬಾಗಿಲು ತೆಗೆದು ಒಳಗೆ ಬಗ್ಗಿ, ಆ ಗುಂಡಿಯನ್ನು ತೋರಿಸಿದಳು. ಅದರ ಮೇಲೆ ಒಣಗಿದ ವಿಭೂತಿಯ ಮೂರು ಗೆರೆ ಇನ್ನೂ ಹಾಗೇ ಇದ್ದವು. ಅಂದು ತಾವೇ ಅದನ್ನು ಎರಡಕ್ಕೆ ತಿರುಗಿಸಿದ ಮೇಲೆ ಆ ಗುಂಡಿಗೆ ಕೈ ಹಚ್ಚಲು ಬಸವರಾಜ್ ಯಾರನ್ನೂ ಬಿಟ್ಟಿಲ್ಲ. ಗುಂಡಿ ಎರಡರಲ್ಲಿತ್ತು. ಗೆರೆಗಳು ಓರೆಯಾಗಿದ್ದವು, ಮಳೆಗಾಳಿಗೆ ಸಿಕ್ಕ ಅಂಗಡಿ ಬೋರ್ಡಿನ ಹಾಗೆ ವಾಲಿಕೊಂಡು.

"ನಾ ಎಂದೂ ಓರೆ ಹಚ್ಚಂಗಿಲ್ಲಕ್ಕಾ" ಎಂದಳು.

ಆಮೇಲೆ ಎರಡು ಬೆರಳಿನಿಂದ ಗುಂಡಿಯನ್ನು ಮೆಲ್ಲಗೆ ನಾಲ್ಕಕ್ಕೆ ತಿರುಗಿಸಿದಳು. ಮೂರು ಗೆರೆಗಳೂ ಸರಿಯಾಗಿ ಅಡ್ಡಲಾಗಿ, ನೆಟ್ಟಗೆ ನಿಂತವು. ಹಣೆಯ ಮೇಲೆ ಇಟ್ಟ ಹಾಗೆ.

ಆಕೆ ವಿಭೂತಿ ಹಚ್ಚುವಾಗಲೇ ಗುಂಡಿ ನಾಲ್ಕರಲ್ಲಿತ್ತು. ಆಗಿನ್ನೂ ನರ್ಸಿಂಗ್ ಸೀಟು ಹತ್ತಿರಲೂ ಇಲ್ಲ.

"ಸಣ್ಣ ಗುಂಡಿ. ಜಾರಾಕತ್ತಿತ್ತು. ಎಡಗೈಲೆ ಗಟ್ಟಿ ಹಿಡಕೊಂಡೆ. ಏನೋ ಕಟಕ್ ಅಂತು. ಉಂಗುರ ಬಡದಿರಬೇಕು ಅನಕೊಂಡು ಬಿಟ್ಟೆ." ಅವಳ ಧ್ವನಿ ಪಾಠ ಒಪ್ಪಿಸುವ ಹುಡುಗಿಯದಾಗಿತ್ತು. "ಎಲ್ಲಾರ ಮುಂದೂ ನಿಂಬಿಹಣ್ಣಿನ ಕತಿ ಹೇಳತಾರ. ನನ್ನ ಕೈ ಹಿಡದು ಕಣ್ಣಿಗೆ ಒತ್ತಿಕೊಳ್ತಾರ. ಇದs ಕೈ ಅಕ್ಕಾ. ಆ ನರ್ಸಿಂಗ್ ಪಾಪ, ಅವ್ನ ಅನ್ನಕ್ಕs ಕಲ್ಲು ಬಿತ್ತು."

"ಬಸವರಾಜ್‌ಗೆ ಹೇಳಿಬಿಡೇ. ಏನಂತಾರೆ? ನೀನೇ ಎಳೆದು ಉಳಿಸಿದ್ದೀಯ" ಎಂದೆ.

"ಬಾಯಿ ಬರವಲ್ತು. ಮೂರು ಸಲ ಬಾಯಿ ತೆರೆದೆ. ಚಾ ಬೇಕೇನ್ರೀ ಅಂತ ಕೇಳಿ ಬಂದೆ." ಗುಂಡಿಯನ್ನು ಮತ್ತೆ ಎರಡಕ್ಕೆ ತಿರುಗಿಸಿದಳು. ಗೆರೆಗಳು ವಾಲಿದವು. "ನೀವು ಬರೀರಿ ಅಕ್ಕಾ. ಹೆಸರೂ ಬದಲ ಮಾಡಬ್ಯಾಡ್ರಿ. ವಾರಾ ನಿಮ್ದು ತಪ್ಪದs ಓದ್ತಾರ ಅವ್ರು."

ಬರೆಯಲು ಕೂತ ಮೇಲೆ ಅನ್ನಿಸುತ್ತಿದೆ. ಪೂಜೆ ಮಾಡದಿದ್ದರೆ ಗುಂಡಿ ತಿರುಗುತ್ತಿರಲಿಲ್ಲ. ಪೂಜೆ ಮಾಡದಿದ್ದರೆ ನಿಂಬೆಹಣ್ಣೂ ಇರುತ್ತಿರಲಿಲ್ಲ. ಹಾಗಾದರೆ ಆ ಪೂಜೆ ಕೊಲ್ಲಹೊರಟಿತೋ, ಕಾಪಾಡಿತೋ? ಗೊತ್ತಿಲ್ಲ. ಈಗ ನಮ್ಮ ಮನೆಯಲ್ಲಿ ಚಿತ್ರಾನ್ನಕ್ಕೂ ಹುಣಿಸೆಹುಳಿ. ನಗುವುದಾದರೆ ನಗಿ.

ಬಸವರಾಜ್, ಓದಿ ಆಯಿತೇ? ನಾಳೆ ನರ್ಸಿಂಗ್‌ಗೆ ಒಂದು ಫೋನ್ ಮಾಡಿ. ಅದಕ್ಕೆ ಮೊದಲು ಪತ್ರಿಕೆ ಕೆಳಗಿಟ್ಟು ಹಿಂದೆ ತಿರುಗಿ ನೋಡಿ. ಅವಳು ನಿಮ್ಮ ಬೆನ್ನ ಹಿಂದೆಯೇ, ಕೈ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿರುತ್ತಾಳೆ.

ಏನನ್ನುತ್ತೀರಿ?